ಸೆರಗಿನ ತುದಿಯಲ್ಲಿ ಬಿಟ್ಟ ಜಾಗ

ನಮ್ಮೂರಿನಲ್ಲಿ ಯಾವುದೂ ಎರಡು ಕಡೆ ಇರುವುದಿಲ್ಲ. ಇಲ್ಲಿ ಬಂತೆಂದರೆ ಅಲ್ಲಿಂದ ಹೋಯಿತು, ಅಷ್ಟೆ. ಹೊರಗಿನಿಂದ ಬಂದವರು ಇದು ಯಾಕೆ ಹೀಗೆ ಎಂದು ಕೇಳಿ ತಲೆ ತಿನ್ನುತ್ತಾರೆ. ನಮಗೆ ಅದೊಂದು ಪ್ರಶ್ನೆ ಅಂತಲೇ ಅನ್ನಿಸಿಲ್ಲ. ಹಿಂದೊಮ್ಮೆ ಯಾರೋ ಪುಣ್ಯಾತ್ಮ ಬಸ್ ಸ್ಟ್ಯಾಂಡಿನ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟ. ಮೊದಲ ಗಿರಾಕಿ ಮನೆಪತ್ರ ತಂದುಕೊಟ್ಟ. ಯಂತ್ರದಿಂದ ಬಂದ ಹಾಳೆ ಅಚ್ಚುಕಟ್ಟಾಗಿಯೇ ಇತ್ತು, ಕೊಟ್ಟ ಪತ್ರ ಮಾತ್ರ ಬೆಳ್ಳಗೆ ಬೋಳಾಗಿತ್ತು. ಗಿರಾಕಿ ಅವನ ಕೊರಳಪಟ್ಟಿ ಹಿಡಿದ. ಅವನು ಹೆದರಿ ಹಾಳೆಯನ್ನು ಆ ಬೋಳು ಪತ್ರದ ಮೇಲೇ ತಿರುಗಿ ಜೆರಾಕ್ಸ್ ಮಾಡಿ ಕೊಟ್ಟು, ಸಂಜೆಯ ಬಸ್ಸಿಗೇ ಊರು ಬಿಟ್ಟ. ಈಗ ಆ ಯಂತ್ರದ ಮೇಲೆ ಬೋಂಡಾದ ತಟ್ಟೆ ಇಡುತ್ತಾರೆ.

ಶಾಲೆಯಲ್ಲೂ ಅಷ್ಟೆ. ಮಗ್ಗಿ ಹುಡುಗನಿಗೆ ಬಂತೆಂದರೆ ಮೇಷ್ಟ್ರಿಗೆ ಹೋಯಿತು. ಹಾಗಾಗಿ ಒಂದೊಂದು ಮಗ್ಗಿ ಒಬ್ಬೊಬ್ಬರ ಹತ್ತಿರ ಇದೆ. ಏಳರ ಮಗ್ಗಿ ಬೇಕಾದರೆ ಹಿಟ್ಟಿನ ಗಿರಣಿಯ ಶಿವಲಿಂಗನಿಗೆ ಹೇಳಿಕಳಿಸಬೇಕು, ಅವನು ಊಟಕ್ಕೆ ಹೋಗಿದ್ದರೆ ಕಾಯಬೇಕು. ಮೇಷ್ಟ್ರು ನಿವೃತ್ತರಾಗುವ ಹೊತ್ತಿಗೆ ಏನೂ ಬಾರದವರಾಗಿದ್ದರೆ, ಎಷ್ಟು ಚೆನ್ನಾಗಿ ಕಲಿಸಿದರಪ್ಪ ಎಂದು ಶಾಲು ಹೊದಿಸುತ್ತೇವೆ. ತಾಯಿ ಮಗಳಿಗೆ ಸಾರು ಕಲಿಸಿದ ಮೇಲೆ ಮಗಳ ಮನೆಗೇ ಹೋಗಿ ಉಣ್ಣುತ್ತಾಳೆ. ನಮ್ಮಲ್ಲಿ ಏನಾದರೂ ಕಳೆದರೆ ಕಳೆದುಹೋಯಿತು ಅನ್ನುವುದಿಲ್ಲ, ಎಲ್ಲೋ ಹೋಗಿ ಕೂತಿದೆ ಅನ್ನುತ್ತೇವೆ.

ಇದರಿಂದಾಗಿ ನಮ್ಮೂರಿನ ಮರ್ಯಾದೆಯೂ ಸ್ವಲ್ಪ ಬೇರೆ. ಯಾರಾದರೂ ಮನಸ್ಸಿನ ಮಾತು ಹೇಳಿಕೊಳ್ಳುವಾಗ ಅರ್ಧ ಕಿವಿಯಲ್ಲಿ ಕೇಳಬೇಕು. ಪೂರ್ತಿ ಗಮನವಿಟ್ಟರೆ ಆ ಮಾತು ನಿಮ್ಮೊಳಗೆ ಇಳಿದು, ಹೇಳಿದವರಲ್ಲಿ ಖಾಲಿಯಾಗುತ್ತದೆ. ಅದಕ್ಕೇ ನಾವು ಉಗುರು ನೋಡಿಕೊಳ್ಳುತ್ತೇವೆ, ಬೀದಿನಾಯಿಗೆ ಹಚಾ ಅನ್ನುತ್ತೇವೆ, ನಡುವೆ ಎದ್ದು ನೀರು ಕುಡಿದು ಬರುತ್ತೇವೆ. ಕಣ್ಣಲ್ಲಿ ಕಣ್ಣಿಟ್ಟು ಕೇಳುವವರು ಬೀದಿಯಲ್ಲಿ ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತೇವೆ. ನೀವೂ ಇದನ್ನು ಸ್ವಲ್ಪ ಆಚೀಚೆ ನೋಡುತ್ತ ಓದಿದರೆ ಉಪಕಾರ. ಈ ಕಥೆ ನನಗಿನ್ನೂ ಬೇಕು.

ನನ್ನದು ರಿಪೇರಿ ಅಂಗಡಿ. ರೇಡಿಯೋ ಇದ್ದಾಗ ರೇಡಿಯೋ, ಈಗ ಫೋನು, ಲ್ಯಾಪ್‌ಟಾಪು. ಇಸ್ಮಾಯಿಲ್ ಸಾಹೇಬರು ನನಗೆ ಕೆಲಸ ಕಲಿಸಿದವರು. ಕಲಿಸಿ ಮುಗಿಸಿದ ಮೇಲೆ ಬೆಸುಗೆ ಕಡ್ಡಿಯನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂಬುದೂ ಅವರಿಗೆ ನೆನಪಿರಲಿಲ್ಲ. ಬಾಳೆಹಣ್ಣಿನ ಗಾಡಿ ಇಟ್ಟುಕೊಂಡು ಹಾಯಾಗಿದ್ದಾರೆ. ದಾರಿಯಲ್ಲಿ ಸಿಕ್ಕರೆ, "ಹೆಂಗೈತಮ್ಮ ಪದ್ದಮ್ಮ, ನಮ್ ಕೆಲಸ? ಚೆನ್ನಾಗೈತಾ?" ಎಂದು ಕೊಟ್ಟ ಮಗಳನ್ನು ವಿಚಾರಿಸಿದ ಹಾಗೆ ವಿಚಾರಿಸುತ್ತಾರೆ.

ಬನಶಂಕರಿ ನನ್ನ ಅಂಗಡಿಗೆ ಬಂದದ್ದು ಅವಳ ಮಗಳು ಚಂಪಾಳ ಮದುವೆ ಹತ್ತಿರ ಬಂದಿದ್ದಾಗ. ಹಿಂದಿನ ಬೀದಿಯ ನೇಯ್ಗೆಯವರ ಮನೆಯವಳು, ರೇಷ್ಮೆ ಸೀರೆ ನೇಯುತ್ತಾಳೆ, ಗಟ್ಟಿ ಹೆಂಗಸು. ಗಂಡ ಹೋದಾಗಲೂ ಬಿಗಿದ ಹಾಸುನೂಲು ಕತ್ತರಿಸದೆ ಮಗ್ಗ ನಡೆಸಿದವಳು. ಅಂದು ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು.

"ಪದ್ದಕ್ಕ, ಇದು ಏಳ್ತಾ ಇಲ್ಲ. ಕಪ್ಪು ಪರದೆ ಮೇಲೆ ಬಿಳೀ ಅಕ್ಷರದಾಗೆ ಏನೋ ಬರೀತದೆ, ಸುಮ್ಮನಾಗ್ತದೆ. ಅರ್ಧ ಸೆರಗು ಮಗ್ಗದ ಮೇಲೈತೆ, ಇನ್ನರ್ಧ ಇದ್ರೊಳಗೈತೆ."

"ಅಪ್ಪ ಬರೆದದ್ದಾ?"

"ಹೂಂ. ಚಂಪಾನ್ ಸೆರಗು."

ಅವಳಪ್ಪ ಚೌಡಯ್ಯನವರ ವಿಷಯ ಹೇಳಬೇಕು. ಅವರು ಸೀರೆಗೆ ಚಿತ್ರ ಬರೆಯುವವರು. ಹೊರಗಿನ ವ್ಯಾಪಾರಿಗಳು ನಮ್ಮೂರಿನ ಸೀರೆ ಹಿಡಿದು, ಎಡಗಡೆ ಅಂಚಿಗೂ ಬಲಗಡೆ ಅಂಚಿಗೂ ತಾಳೆಯೇ ಇಲ್ಲವಲ್ಲ ಎಂದು ಗೊಣಗುತ್ತಾರೆ. ಹೇಗೆ ಇರುತ್ತದೆ? ಒಂದೇ ಸೀರೆಯಲ್ಲಿ ಒಂದೇ ಹೂವು ಎರಡು ಸಲ ಬರುವಂತಿಲ್ಲ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಬರೆಯಬೇಕು, ಮತ್ತು ಬರೆದದ್ದು ಬರೆದವರಲ್ಲಿ ಉಳಿಯುವುದಿಲ್ಲ. ಚೌಡಯ್ಯನವರು ಒಂದು ಮಾವಿನಕಾಯಿ ಬರೆದರೆ ಅದರ ಜೊತೆಗೆ ಆ ಮರ, ಮರದ ಪಕ್ಕದ ಮನೆ, ಆ ಮನೆಯಲ್ಲಿ ಮಜ್ಜಿಗೆ ಕೊಟ್ಟವರ ಮುಖ ಎಲ್ಲವೂ ಹೋಗುತ್ತಿತ್ತು. ಒಬ್ಬೊಬ್ಬ ಮದುಮಗಳ ಮೈಮೇಲೆ ಒಂದೊಂದು ವರ್ಷ ಹೊದಿಸಿ ಕಳಿಸಿದ ಮನುಷ್ಯ. ಕೊನೆಗೆ ಅವರಲ್ಲಿ ಉಳಿದದ್ದು ಹಕ್ಕಿಗಳು ಮಾತ್ರ. ಯಾಕೋ ಅವುಗಳನ್ನು ಯಾವ ಸೀರೆಗೂ ಕೊಟ್ಟಿರಲಿಲ್ಲ.

ಚಂಪಾ ಚಿಕ್ಕವಳಿದ್ದಾಗ, ನಿನ್ನ ಸೆರಗಿಗೆ ಹಕ್ಕಿ ಬರೀತೀನಿ ಎಂದು ಅವರು ಮಾತು ಕೊಟ್ಟಿದ್ದರು. ಮಾತು ಕೊಟ್ಟ ದಿನ ಯಾವುದೋ ಸೀರೆಯಲ್ಲಿ ಹೋಗಿತ್ತು, ಚಂಪಾಳೇ ನೆನಪಿಸಿದಳು. ಕಣ್ಣು ಮಂಜಾಗಿದ್ದರಿಂದ ಬನಶಂಕರಿ ಲ್ಯಾಪ್‌ಟಾಪ್ ತಂದಳು, ಅದರಲ್ಲಿ ಚುಕ್ಕಿಗಳನ್ನು ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿಕೊಳ್ಳಬಹುದು. ಮುದುಕ ಮೌಸ್ ಹಿಡಿದು, ನಾಲಿಗೆ ಕಚ್ಚಿಕೊಂಡು, ಒಂದು ಮರ ಬರೆದರು, ಮರದ ತುಂಬ ಹಕ್ಕಿ ಕೂರಿಸಿದರು. ಬುಡದಲ್ಲಿ ಕೊಕ್ಕರೆ, ಬೆಳ್ಳಕ್ಕಿ, ಗೌಜಲ. ಮೇಲೆ ಮೇಲೆ ಹೋದ ಹಾಗೆ ಗಿಣಿ, ಮರಕುಟಿಗ, ಮಿಂಚುಳ್ಳಿ, ಇನ್ನೂ ಏನೇನೋ. ಬರೆದು ಮುಗಿಸಿ ಕತ್ತೆತ್ತಿ ಮಗಳನ್ನು ನೋಡಿ, "ಊಟ ಆಯ್ತಾ ಅಮ್ಮಾ? ನಿಮ್ದು ಯಾವೂರು?" ಎಂದು ಬಹಳ ವಿನಯದಿಂದ ಕೇಳಿದರಂತೆ.

ಬನಶಂಕರಿ ಅದನ್ನು ಅಲ್ಲಿಗೇ ಬಿಟ್ಟು ಮಗ್ಗಕ್ಕೆ ಕೂತಳು. ಲ್ಯಾಪ್‌ಟಾಪಿನಿಂದ ಒಂದು ಕೇಬಲ್ ಮಗ್ಗದ ತಲೆಯ ಮೇಲಿನ ಜಕಾರ್ಡ್ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆ ಬೇಕಾದ ಎಳೆಗಳನ್ನು ಎತ್ತಿ ಕೊಡುತ್ತದೆ. ಲಾಳಿ ಒಂದು ಸಲ ಓಡಿದರೆ ರೇಷ್ಮೆಯಲ್ಲಿ ಒಂದು ಸಾಲು ಮೂಡುತ್ತದೆ, ಪರದೆಯಲ್ಲಿ ಒಂದು ಸಾಲು ಅಳಿಯುತ್ತದೆ. ಕೊಕ್ಕರೆ ಕಾಲಿನಿಂದ ಕೊಕ್ಕಿನವರೆಗೆ ಹೀಗೆ ಬಟ್ಟೆಗೆ ಬಂತು. ಗೌಜಲವೂ ಬಂತು. ಮರದ ನಡುಕೊಂಬೆಗೆ ಬರುವಾಗ ಲ್ಯಾಪ್‌ಟಾಪ್ ನಿಂತುಹೋಯಿತು.

ನಾನು ಕೆಲಸ ಶುರುಮಾಡಿದೆ. ಚಾರ್ಜರ್ ಬದಲಿಸಿ ನೋಡಿದೆ. ಬ್ಯಾಟರಿ ತೆಗೆದು, ಆನ್ ಮಾಡುವ ಗುಂಡಿಯನ್ನು ಒತ್ತಿಹಿಡಿದು, ಒಳಗೆ ಉಳಿದಿದ್ದ ಕರೆಂಟನ್ನೆಲ್ಲ ಬಿಟ್ಟು ಮತ್ತೆ ಹಾಕಿದೆ. ಅದೇ ಕಪ್ಪು ಪರದೆ, ಅದೇ ಬಿಳಿ ಅಕ್ಷರ. ಯಂತ್ರ ತನ್ನ ಅಂಗಾಂಗಗಳ ಹೆಸರು ಹೇಳುವ ನೀಲಿ ಪರದೆಯೊಂದಿದೆ, ಅದನ್ನು ತೆರೆದೆ. ಮೆಮೊರಿ ಇತ್ತು, ಫ್ಯಾನ್ ಇತ್ತು, ಡಿಸ್ಕ್ ಇರಬೇಕಾದ ಜಾಗದಲ್ಲಿ ಏನೂ ಇಲ್ಲ ಎಂದಿತ್ತು. ನನ್ನ ಪೆನ್‌ಡ್ರೈವಿನಿಂದ ಚಾಲೂ ಮಾಡಿದರೆ ಲಕಲಕ ಎದ್ದಿತು. ಅಂದರೆ ಮೈಯೆಲ್ಲ ಸರಿಯಾಗಿದೆ, ಒಳಗಿನ ಡಿಸ್ಕ್ ಒಂದೇ ಕೆಟ್ಟಿದೆ.

ಹಿಂಬದಿಯ ಸ್ಕ್ರೂ ಬಿಚ್ಚಿ ಡಿಸ್ಕ್ ಹೊರತೆಗೆದೆ. ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಸ್ಪಿರಿಟ್ ಹಚ್ಚಿ, ಮತ್ತೆ ಕೂರಿಸಿದೆ. ಊಹೂಂ. ತೆಗೆದು ಬೇರೆ ಕೇಬಲ್ಲಿಗೆ ಸಿಕ್ಕಿಸಿ ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಒಳಗಿನಿಂದ ಕಟ್, ಕಟ್ ಎಂದು ಎರಡು ಸಲ ಸದ್ದು ಮಾಡಿ ತೆಪ್ಪಗಾಯಿತು.

"ಡಿಸ್ಕ್ ಹೋಗಿದೆ ಬನಶಂಕರಿ. ಹೊಸದು ಹಾಕಿದರೆ ಲ್ಯಾಪ್‌ಟಾಪ್ ಮೊದಲಿನ ಹಾಗೇ ನಡೆಯುತ್ತೆ. ಸೆರಗು ಅದರಲ್ಲಿ ಇರಲ್ಲ."

"ಹೊಸದು ಕಟ್ಕೊಂಡು ನಾನೇನ್ ಮಾಡ್ಲಿ?" ಎಂದಳು. "ಅಪ್ಪ ತನ್ನ ತಲೇಲಿದ್ದ ಕಡೇ ಚೂರನ್ನೂ ಬಳಿದು ಇದಕ್ಕಾಕವ್ರೆ. ಈಗ ನಾನು ಯಾರು ಅನ್ನೋದೂ ಗೊತ್ತಿಲ್ಲ ಅವರಿಗೆ. ಅರ್ಧ ಮರ ಉಡಿಸಿ ಮಗಳನ್ನ ಕಳಿಸಿದ್ರೆ ಅಪ್ಪ ಕೊಟ್ಟಿದ್ದು ಮಣ್ಣುಪಾಲಾದಂಗೆ ಅಲ್ವಾ? ಏನಾದ್ರೂ ಮಾಡು ಪದ್ದಕ್ಕ."

ಬಿಟ್ಟುಹೋಗು, ನೋಡುತ್ತೇನೆ ಎಂದೆ. ಕೆಟ್ಟ ಡಿಸ್ಕಿನ ಎದುರು ಇದಕ್ಕಿಂತ ಹೆಚ್ಚು ಹೇಳಲು ಯಾರಿಂದಲೂ ಆಗುವುದಿಲ್ಲ.

ಮಾರನೆಯ ದಿನ ಅವಳು ಬಂದಾಗ ಮುಖ ಬೇರೆಯೇ ಆಗಿತ್ತು. ಹೇಗಿದೆ ಡಿಸ್ಕು ಎಂದು ಕೇಳುವುದನ್ನೂ ಮರೆತು, "ಅಪ್ಪ ಮಾತಾಡ್ತಾವ್ರೆ ಪದ್ದಕ್ಕ!" ಎಂದಳು. ಚೌಡಯ್ಯನವರು ಅವಳನ್ನು ಹಿಂದಿನ ಹಾಗೆ ಮುದ್ದಿನ ಹೆಸರು ಹಿಡಿದು "ಬನ್ನೀ" ಎಂದು ಕರೆದರಂತೆ. ಮಗ್ಗ ಯಾಕೆ ನಿಂತಿದೆ ಎಂದು ಗದರಿದರಂತೆ. ಕೆರೆಯ ಮೆಟ್ಟಿಲ ಮೇಲೆ ತೀರಿಹೋದ ಹೆಂಡತಿ ಸಾಕಮ್ಮ ನೂಲು ಜಾಲಿಸುವಾಗ ಮಿಂಚುಳ್ಳಿಯೊಂದು ಬಂದು ಅವಳ ಪಕ್ಕದ ಕಲ್ಲಿನ ಮೇಲೆ ಕೂತಿತ್ತಂತೆ, ಅದನ್ನೆಲ್ಲ ಚಂಪಾಳ ಮುಂದೆ ಹೇಳಿ ನಕ್ಕರಂತೆ. ನಾನು ಮರ್ಯಾದಸ್ಥಳು, ಅರ್ಧ ಕಿವಿಯಲ್ಲಿ ಕೇಳಿದೆ. ಅವಳು ಮಾತಾಡುತ್ತಿದ್ದಷ್ಟು ಹೊತ್ತೂ ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತಿದ್ದೆ. "ಒಳ್ಳೇದಾಯ್ತು ಬಿಡು," ಎಂದೆ. ಪೂರ್ತಿ ಕೇಳಿದ್ದರೆ, ಮಿಂಚುಳ್ಳಿ ಇರಬೇಕಾದದ್ದು ಎಲ್ಲಿ ಎಂದು ಆಗಲೇ ಹೊಳೆಯುತ್ತಿತ್ತು. ಬೇರೆ ಊರಿನಲ್ಲಾಗಿದ್ದರೆ ಇಂಥ ದಡ್ಡತನವನ್ನು ಯಾರೂ ಮಾಡುತ್ತಿರಲಿಲ್ಲ.

ಆ ಮಧ್ಯಾಹ್ನ ಡಿಸ್ಕ್ ಎದ್ದಿತು. ಅದನ್ನು ಅಡ್ಡ ಮಲಗಿಸುವ ಬದಲು ಪಕ್ಕಕ್ಕೆ ನಿಲ್ಲಿಸಿ ಹಿಡಿದುಕೊಂಡಿದ್ದೆ. ಕಟ್ ಕಟ್ ಅನ್ನದೆ ಸುಯ್ ಎಂದು ತಿರುಗತೊಡಗಿತು. ಪರದೆಯ ಮೇಲೆ "ಚಂಪಾ ಸೆರಗು" ಎಂಬ ಹೆಸರು ಬಂತು. ತೆರೆದೆ. ಮೇಲಿನ ಅರ್ಧ ಮರ ಕಣ್ಣಿಗೆ ಬಿತ್ತು, ಕೊಂಬೆ ಕೊಂಬೆಗೂ ಹಕ್ಕಿ. ಗಮನವಿಟ್ಟು ನೋಡಬಾರದೆಂದು ಕಣ್ಣು ಕಿರಿದು ಮಾಡಿಕೊಂಡೆ. ಬೇರೆ ಡಿಸ್ಕಿಗೆ ಸಾಗಿಸೋಣವೆಂದು ಕೈ ಹಾಕುವಷ್ಟರಲ್ಲಿ ಕಟ್ ಎಂದು ನಿಂತುಹೋಯಿತು. ಆದರೂ ಖುಷಿಯಾಯಿತು. ಇದರೊಳಗೆ ತಿರುಗುವ ತಟ್ಟೆ ಸರಿಯಾಗಿದೆ, ಕೆಟ್ಟಿರುವುದು ಮೇಲಿನ ಹಸಿರು ಬೋರ್ಡು ಇರಬೇಕು ಎಂದುಕೊಂಡು, ಅಂಥದೇ ಹಳೆಯ ಡಿಸ್ಕೊಂದನ್ನು ಕಳಿಸಿರೆಂದು ಹೊರಗಿನ ಬಿಡಿಭಾಗದ ವ್ಯಾಪಾರಿಗೆ ಫೋನ್ ಮಾಡಿದೆ. ಅದರ ಬೋರ್ಡು ತೆಗೆದು ಇದಕ್ಕೆ ಹಾಕಿದರೆ ಆಯಿತು.

ಒಳ್ಳೆಯ ಸುದ್ದಿ ಹೇಳೋಣವೆಂದು ನಾನೇ ಬನಶಂಕರಿಯ ಮನೆಗೆ ಹೋದೆ. ಅವಳು ಬಾಗಿಲಲ್ಲೇ ಅಳುತ್ತ ನಿಂತಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅಪ್ಪನ ಮಾತು ನಿಂತುಹೋಯಿತಂತೆ, ಎತ್ತಿದ ತುತ್ತು ಕೈಯಲ್ಲೇ ಇತ್ತಂತೆ, ಇವಳನ್ನು ನೋಡಿ "ನೀವ್ಯಾರಮ್ಮ?" ಎಂದರಂತೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಗಿ, ಸಾರಿಗೆ ಉಪ್ಪು ಕಮ್ಮಿ ಎಂದು ಬೈದು ಊಟ ಮುಗಿಸಿದರಂತೆ. ಈ ಸಲ ನಾನು ಪೂರ್ತಿ ಕಿವಿಯಲ್ಲಿ ಕೇಳಿದೆ. ಹೇಳಬೇಕೆಂದುಕೊಂಡಿದ್ದ ಒಳ್ಳೆಯ ಸುದ್ದಿಯನ್ನು ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಡಿಸ್ಕನ್ನೂ ಕೇಬಲ್ಲನ್ನೂ ನನ್ನ ಸ್ವಂತದ ಒಂದು ಲ್ಯಾಪ್‌ಟಾಪನ್ನೂ ಚೀಲದಲ್ಲಿ ಹಾಕಿಕೊಂಡು ಮತ್ತೆ ಅವರ ಮನೆಗೆ ಹೋದೆ. ಚೌಡಯ್ಯನವರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು.

"ಬಾರವ್ವ ಪದ್ದಮ್ಮ," ಎಂದರು. ಅವರು ನನ್ನನ್ನು ಹೆಸರು ಹಿಡಿದು ಕರೆದು ಎಷ್ಟೋ ಕಾಲವಾಗಿತ್ತು. "ನಿಮ್ಮ ಅಂಗಡಿ ಮಾಡಿನಾಗೆ ಗುಬ್ಬಿ ಗೂಡು ಕಟ್ಟಿತ್ತಲ್ಲ, ಇಸ್ಮಾಯಿಲ್ ಸಾಬ್ರು ಅದು ಎದ್ದು ಹೋಗೋಗಂಟ ಫ್ಯಾನೇ ಹಾಕಲಿಲ್ಲ. ಬೆವರು ಸುರಿಸ್ಕೊಂಡು ಕೂತಿದ್ರು. ಆವಾಗ ಒಂದಿನ ನಾನು ಹೋಗಿ..."

ನಾನು ಅವರ ಪಕ್ಕದಲ್ಲೇ ಕೂತು, ಚೀಲದೊಳಗೆ ಡಿಸ್ಕನ್ನು ಪಕ್ಕಕ್ಕೆ ನಿಲ್ಲಿಸಿ, ಕೇಬಲ್ ಸಿಕ್ಕಿಸಿದೆ. ಸುಯ್ ಎಂದಿತು. ಚೌಡಯ್ಯನವರ ಬಾಯಿ ತೆರೆದದ್ದು ಹಾಗೇ ಇತ್ತು. ಕಣ್ಣು ನನ್ನ ಮೇಲಿತ್ತು, ಆದರೆ ನೋಡುತ್ತಿರಲಿಲ್ಲ. ಕೇಬಲ್ ಕಿತ್ತೆ. "...ಬೀಸಣಿಗೆ ತಗೊಂಡು ಅವರಿಗೆ ಗಾಳಿ ಹಾಕ್ದೆ. ನಕ್ಕೂ ನಕ್ಕೂ ಸಾಕಾಯ್ತು," ಎಂದು ಮುಗಿಸಿದರು. ಇನ್ನೊಂದು ಸಲ ಪರೀಕ್ಷೆ ಮಾಡುವ ಧೈರ್ಯ ನನಗೆ ಬರಲಿಲ್ಲ.

ವಿಷಯ ಅಷ್ಟು ಸರಳವಾಗಿತ್ತು. ನನ್ನ ಮೇಜಿನ ಮೇಲೆ ಕಟ್ ಕಟ್ ಎಂದು ಡಿಸ್ಕ್ ಪೂರ್ತಿ ಸತ್ತಾಗ ಅದರೊಳಗಿದ್ದದ್ದು ಎಲ್ಲಾದರೂ ಹೋಗಿ ಕೂರಲೇಬೇಕಲ್ಲ. ಬಂದ ದಾರಿಯಲ್ಲೇ ವಾಪಸ್ಸು ಹೋಗಿತ್ತು. ನಾನು ಡಿಸ್ಕ್ ಎಬ್ಬಿಸಿದರೆ ಸೆರಗು ಸಿಗುತ್ತದೆ, ಚೌಡಯ್ಯನವರು ಹೋಗುತ್ತಾರೆ. ಎಬ್ಬಿಸದಿದ್ದರೆ ಅವರು ಇರುತ್ತಾರೆ, ಸೆರಗು ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ಬನಶಂಕರಿಗೆ ಹೇಳದೆ ನನ್ನ ಪಾಡಿಗೆ ನಾನು ಡಿಸ್ಕನ್ನು ಮೋರಿಗೆ ಎಸೆದುಬಿಡಬಹುದಿತ್ತು. ಅದು ನನ್ನ ಸ್ವತ್ತಲ್ಲ. ಒಳಗೆ ಹೋಗಿ, ಮಗ್ಗದ ಪಕ್ಕ ನಿಂತು, ಅವಳಿಗೂ ಚಂಪಾಳಿಗೂ ಹೇಳಿದೆ.

ಬನಶಂಕರಿ ನನ್ನ ಮೇಲೆಯೇ ಹರಿಹಾಯ್ದಳು. "ನಿನ್ನೇನೇ ಗೊತ್ತಿತ್ತಲ್ಲ ನಿಂಗೆ? ಈಗ ನಂಗೆ ಹೇಳಿ ನೀನು ಕೈ ತೊಳ್ಕೊತೀಯ. ನಾನು ಯಾವುದನ್ನ ಬಿಡ್ಲಿ ಹೇಳು?"

"ಅಮ್ಮ, ನಂಗೆ ಇಷ್ಟೇ ಸಾಕು," ಎಂದಳು ಚಂಪಾ. "ಮಿಕ್ಕಿದ್ದು ಖಾಲೀನೇ ಇರ್ಲಿ. ತಾತ ಇವತ್ತು ನನ್ ಹೆಸರು ಕರೆದ್ರು."

"ನಿನ್ನ ಅತ್ತೆ ಮನೆಯೋರು ಏನಂತಾರೆ?"

"ಏನಾದ್ರೂ ಅಂದ್ಕೊಳ್ಳಲಿ."

ಜಗಲಿಯಿಂದ ಕೆಮ್ಮು ಕೇಳಿಸಿತು. ಚೌಡಯ್ಯನವರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ನಮ್ಮೂರಿನಲ್ಲಿ ಕದ್ದು ಕೇಳುವವರು ಮಾತ್ರ ಪೂರ್ತಿ ಕೇಳುತ್ತಾರೆ. ಅವರು ಮಗ್ಗದ ಮುಂದೆ ನಿಂತು, ಅರ್ಧ ಮರದ ಮೇಲೆ ಕೈಯಾಡಿಸಿದರು. ಕೊಕ್ಕರೆಯನ್ನು ಮುಟ್ಟಿದಾಗ ಯಾರದೋ ಮನೆಯ ಹಕ್ಕಿಯನ್ನು ಮುಟ್ಟಿದಂತೆ ಮುಟ್ಟಿದರು, ಅದು ಅವರಿಗೆ ನೆನಪಿರಲಿಲ್ಲ.

"ಇದ್ರ ಮಿಕ್ಕಿದ್ದು ನನ್ನತ್ರ ಐತೆ," ಎಂದರು. "ಹೇಳ್ತೀನಿ, ಹಾಕ್ಕೋ."

"ಬ್ಯಾಡಪ್ಪ. ಹೇಳಿದ್ರೆ ಹೋಯ್ತದೆ."

"ಹೋಗ್ಲಿ ಅಂತಾನೇ ಅಲ್ವಾ ಬರೆದಿದ್ದು? ನಾನೇನು ಗೂಡಾ, ಇವನ್ನ ಇಟ್ಕೊಂಡು ಕೂತ್ಕೊಳ್ಳೋಕೆ?" ಎಂದರು. ಮತ್ತೆ ಸಣ್ಣ ದನಿಯಲ್ಲಿ, "ಯಂತ್ರಕ್ಕೆ ಹಾಕೋವಾಗ ಒಬ್ನೇ ಕೂತು ಹಾಕಿದ್ದೆ ಕಣ್ ಬನ್ನಿ. ಈ ಸಲ ನಿಂಗೆ ಹೇಳ್ತೀನಿ. ನನ್ನ ಮಾತನ್ನ ಈ ಊರಾಗೆ ಇವತ್ತಿನಗಂಟ ಒಬ್ರೂ ಪೂರ್ತಿ ಕೇಳಿಲ್ಲ," ಎಂದರು.

ನಾನು ಹೊಸ ಡಿಸ್ಕ್ ತಂದು ಲ್ಯಾಪ್‌ಟಾಪಿಗೆ ಹಾಕಿದೆ, ಬೇಕಾದ ತಂತ್ರಾಂಶವನ್ನೆಲ್ಲ ಏರಿಸಿ, ಜಕಾರ್ಡ್ ಪೆಟ್ಟಿಗೆಗೆ ಕೇಬಲ್ ಕೊಟ್ಟೆ. ಬೆಳಗಿನ ಬಿಸಿಲು ಮಗ್ಗದ ಕೆಳಗೆ ಕಾಲಿಡುವ ಗುಂಡಿಗೆ ಬೀಳುವ ಹೊತ್ತಿಗೆ ಇಬ್ಬರೂ ಕೂರುತ್ತಿದ್ದರು. ಚೌಡಯ್ಯನವರು ಒಂದೊಂದು ಸಾಲಿನಲ್ಲೂ ಎಲ್ಲೆಲ್ಲಿ ಎಳೆ ಏಳಬೇಕೆಂದು ಹೇಳುತ್ತ ಹೋಗುವರು. ಬನಶಂಕರಿ ಅವರ ಮುಖವನ್ನೇ ನೋಡುತ್ತ, ಕಣ್ಣು ಮಿಟುಕಿಸದೆ, ಪೂರ್ತಿ ಕೇಳುವಳು, ಕೇಳಿದ್ದನ್ನು ಚುಕ್ಕಿಯಾಗಿ ಇಡುವಳು, ಲಾಳಿ ಓಡಿಸುವಳು. ಅಪ್ಪನ ತಲೆಯಿಂದ ಮಗಳ ಕಿವಿಗೆ, ಅಲ್ಲಿಂದ ಪರದೆಗೆ, ಅಲ್ಲಿಂದ ರೇಷ್ಮೆಗೆ. ನಾನು ಕೇಬಲ್ ನೋಡಿಕೊಳ್ಳುವ ನೆಪದಲ್ಲಿ ಅಲ್ಲೇ ಇದ್ದೆ. ನಮ್ಮೂರಿನಲ್ಲಿ ಇಬ್ಬರು ಎದುರುಬದುರು ಕೂತು ಹಾಗೆ ಕೇಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಹೊಟ್ಟೆಕಿಚ್ಚಾಯಿತು.

ಮಿಂಚುಳ್ಳಿಯ ಸರದಿ ಬಂದಾಗ ಅವರು ಕೆರೆಯ ಮೆಟ್ಟಿಲನ್ನೂ ಸಾಕಮ್ಮನನ್ನೂ ಹೇಳಿದರು. ಒಂದು ಗಳಿಗೆ ಬನಶಂಕರಿಯ ಮುಖದಲ್ಲಿ ಅವಳಮ್ಮ ಬಂದು ನಿಂತಳು. ಲಾಳಿ ಓಡಿತು. ಅವಳು ಕೆನ್ನೆ ಒರೆಸಿಕೊಂಡು, "ನಾನ್ಯಾಕೆ ಅಳ್ತಾ ಇದೀನಿ ಪದ್ದಕ್ಕ?" ಎಂದು ನನ್ನನ್ನು ಕೇಳಿದಳು. ನಾನು ಅರ್ಧ ಕೇಳಿದ್ದೆನಾದ್ದರಿಂದ ನನಗೂ ಸರಿಯಾಗಿ ಹೇಳಲಾಗಲಿಲ್ಲ. ರೇಷ್ಮೆಯ ಮೇಲೆ ಮಿಂಚುಳ್ಳಿ ಹೊಳೆಯುತ್ತಿತ್ತು.

ಗುಬ್ಬಿ ಹೋದ ಮೇಲೆ ಅವರು ನನ್ನನ್ನು "ತಾಯಿ" ಎಂದರು, ಹೆಸರು ಹಿಡಿಯಲಿಲ್ಲ. ಗಿಣಿ ಹೋದ ಮೇಲೆ ಚಂಪಾ ಕಾಫಿ ತಂದುಕೊಟ್ಟರೆ, "ಯಾರ ಮನೆ ಮಗೂನಪ್ಪ, ಲಕ್ಷಣವಾಗವ್ಳೆ," ಎಂದರು. ಚಂಪಾ ಲೋಟ ಇಟ್ಟು ಹಿತ್ತಲಿಗೆ ಹೋದಳು. ಮರ ಮಾತ್ರ ಮೇಲೆ ಮೇಲೆ ಬೆಳೆಯುತ್ತಿತ್ತು.

ಕೊನೆಗೆ ತುದಿಕೊಂಬೆ ಬಂತು. ಅದರ ಮೇಲೆ ಒಂದೇ ಒಂದು ಹಕ್ಕಿ ಬಾಕಿ. ಚೌಡಯ್ಯನವರು ಬೆನ್ನು ನೆಟ್ಟಗೆ ಮಾಡಿಕೊಂಡು, "ಇನ್ನೊಂದೈತೆ ಬನ್ನಿ. ಬರ್ಕೋ," ಎಂದರು.

ಬನಶಂಕರಿಯ ಕೈ ಅಲ್ಲೇ ನಿಂತಿತು. ಅವಳಿಗೆ ಹೊಳೆದದ್ದು ನನಗೂ ಹೊಳೆಯಿತು. ಅವರ ತಲೆಯಿಂದ ಹೆಂಡತಿ ಹೋಗಿದ್ದಳು, ಮೊಮ್ಮಗಳು ಹೋಗಿದ್ದಳು, ಕೆರೆ, ಬೀದಿ, ಗೆಳೆಯರು ಎಲ್ಲ ಹೋಗಿದ್ದರು. ಬನ್ನಿ ಮಾತ್ರ ಇದ್ದಳು. ಅಂದರೆ ಅವಳು ಇದ್ದದ್ದು ಆ ಹಕ್ಕಿಯ ಜೊತೆಗೆ.

ಅವಳು ಎದ್ದು ನಿಂತಳು. "ಜರಿ ಮುಗೀತಪ್ಪ," ಎಂದಳು.

ಜರಿಯ ಉಂಡೆಯೊಂದು ಅವರ ಕಾಲ ಬಳಿಯೇ ಬಿದ್ದಿತ್ತು, ಬಿಸಿಲಿಗೆ ಫಳಫಳ ಅನ್ನುತ್ತಿತ್ತು. ಚೌಡಯ್ಯನವರು ಅದನ್ನು ನೋಡಿದರು. ಮಗಳನ್ನು ನೋಡಿದರು. ಬಗ್ಗಿ ಅದನ್ನು ತೆಗೆದು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, "ಹಂಗಾದ್ರೆ ಮುಗೀತು ಬಿಡು," ಎಂದರು.

ಮದುವೆಯಲ್ಲಿ ಎಲ್ಲರೂ ಸೆರಗು ಹಿಡಿದು ನೋಡಿದರು. ಅಂಥ ಸೆರಗು ನಮ್ಮೂರಿನಲ್ಲೂ ಬಂದಿರಲಿಲ್ಲ. ತುದಿಕೊಂಬೆಯ ಖಾಲಿ ಜಾಗವನ್ನು ಕಂಡು ಬೀಗರ ಕಡೆಯ ಹೆಂಗಸೊಬ್ಬಳು, "ಇದ್ಯಾಕೆ ಇಲ್ಲಿ ಬಿಟ್ಟುಬಿಟ್ಟಿದೀರಾ?" ಎಂದಳು. ಬನಶಂಕರಿ, ದೃಷ್ಟಿಗೆ ಎಂದಳು. ಆ ಹೆಂಗಸು ಒಪ್ಪಿದ ಹಾಗೆ ತಲೆಯಾಡಿಸಿದಳು. ಚೌಡಯ್ಯನವರು ಮದುವೆಯೂಟವನ್ನು ಯಾರದೋ ಮನೆಯ ಊಟವೆಂದೇ ಚೆನ್ನಾಗಿ ಹೊಡೆದು, ಮದುಮಗಳಿಗೆ ಒಳ್ಳೇದಾಗ್ಲಿ ಎಂದು ಹರಸಿ, "ಬನ್ನೀ, ಮನೆಗೆ ಹೋಗಾನ," ಎಂದರು.

ವ್ಯಾಪಾರಿ ಕಳಿಸಿದ ಹಳೆಯ ಡಿಸ್ಕ್ ಆಮೇಲೆ ಬಂತು, ಬೋರ್ಡು ಚೆನ್ನಾಗಿಯೇ ಇತ್ತು. ಹಾಕಿದ್ದರೆ ಬನಶಂಕರಿಯ ಡಿಸ್ಕ್ ಏಳುತ್ತಿತ್ತು, ಒಂದು ಹಕ್ಕಿ ಅದರೊಳಗೆ ಬಂದು ಕೂರುತ್ತಿತ್ತು. ನಾನು ಇಕ್ಕಳ ತಗೊಂಡು ಸತ್ತ ಡಿಸ್ಕಿನ ಹಲ್ಲುಗಳನ್ನೆಲ್ಲ ಮುರಿದೆ, ಸುತ್ತಿಗೆಯಿಂದ ನಾಲ್ಕು ಬಾರಿಸಿದೆ. ಈ ಅಂಗಡಿಯಲ್ಲಿ ಕೂತು ನಾನು ಬೇಕೆಂದೇ ಕೆಡಿಸಿದ ವಸ್ತು ಅದೊಂದೇ. ಬಾಳೆಹಣ್ಣಿನ ಗಾಡಿಯಿಂದ ಇಸ್ಮಾಯಿಲ್ ಸಾಹೇಬರು ಸದ್ದು ಕೇಳಿ, "ನಮ್ ಕೆಲಸ ಹೆಂಗ್ ನಡೀತೈತಮ್ಮ?" ಎಂದು ಕೂಗಿದರು. "ಚೆನ್ನಾಗೈತೆ ಸಾಹೇಬ್ರೆ," ಎಂದೆ.

ಈಗ ಚೌಡಯ್ಯನವರು ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಬನಶಂಕರಿಗೆ ಆ ಉಳಿದ ಹಕ್ಕಿಯ ಕಥೆ ಹೇಳಲು ಹೋದರೆ ಅವಳು ಎದ್ದು ಒಳಗೆ ಹೋಗುತ್ತಾಳಂತೆ. ಆ ಮನೆಯಲ್ಲಿ ಪೂರ್ತಿ ಕೇಳುವುದನ್ನು ಕಲಿತುಬಿಟ್ಟವಳು ಅವಳು, ಅವಳಿಗೆ ತನ್ನ ಕಿವಿಯ ಮೇಲೆ ನಂಬಿಕೆಯಿಲ್ಲ. ಹಾಗಾಗಿ ನನಗೆ ಹೇಳುತ್ತಾರೆ. "ನೋಡು ತಾಯಿ, ಮರದ ತುದೀಲಿ ಒಂದು ಹಕ್ಕಿ ಇತ್ತು," ಎಂದು ಶುರುಮಾಡುತ್ತಾರೆ. ನಾನು ಬೆಸುಗೆ ಕಡ್ಡಿ ಬಿಸಿಗಿಡುತ್ತೇನೆ, ಗಿರಾಕಿಯ ಫೋನ್ ಒರೆಸುತ್ತೇನೆ, ನಡುವೆ ಎದ್ದು ಹೋಗಿ ನೀರು ಕುಡಿದು ಬರುತ್ತೇನೆ. ಆ ಹಕ್ಕಿಯ ಕತ್ತು ಯಾವ ಬಣ್ಣ, ಅದು ಕೂಗಿದ್ದು ಹೇಗೆ, ಆ ಹೊತ್ತು ಅವರ ಹೆಗಲ ಮೇಲಿದ್ದ ಮಗು ಅದನ್ನು ನೋಡಿ ಏನೆಂದಿತು, ಎಲ್ಲವನ್ನೂ ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ನನಗೆ ಇವತ್ತಿಗೂ ಗೊತ್ತಿಲ್ಲ.